ಔಷಧಿ ಹೊಡೆಯೋಕೆ ಒಂದು ಹೊಳವು (ಮಳೆ ಬಿಟ್ಟ ಹೊತ್ತು) ಸಿಗ್ತಿಲ್ಲ, ನಮ್ಮ ಮಳೆಗೆ ಎಂತ ಆಗಿದೆ ಮಾರಾಯ್ರೆ?

ಹೊಸನಗರದ ತೋಟಿಗ:

ಎಲ್ರಿಗೂ ನಮಸ್ಕಾರ. ತಲೆ ಕೆಟ್ಟು ಬರೀತಿದೀನಿ, ಉದ್ದ ಆದ್ರೆ ಬೈಬೇಡಿ. ನಮ್ದು ಹೊಸನಗರ ತಾಲೂಕು, ಮೂರೂವರೆ ಎಕರೆ ಅಡಿಕೆ, ಮಧ್ಯ ಒಂದಿಷ್ಟು ಕಾಳುಮೆಣಸು. ಅಪ್ಪನ ಕಾಲದಿಂದ ಕೊಳೆ ಔಷಧಿ (ಎಳೆ ಅಡಿಕೆ ಕೊಳೆತು ಉದುರೋ ರೋಗಕ್ಕೆ ಮೈಲುತುತ್ತ ಸುಣ್ಣ ಕಲಸಿ ಹೊಡೆಯೋದು) ಅಂದ್ರೆ ಮೇ ಕೊನೆ ಇಲ್ಲ ಜೂನ್ ಮೊದಲ ವಾರ, ಮೃಗಶಿರ ಮಳೆ ಹಿಡಿಯೋದ್ರೊಳಗೆ ಒಂದು ಸುತ್ತು ಮುಗಿಸ್ಬೇಕು, ಅಲ್ಲಿಂದ ನಲವತ್ತು ನಲವತ್ತೈದು ದಿನಕ್ಕೆ ಎರಡನೇದು. ಈ ಸಲ (2025) ಮೇ 24ಕ್ಕೇ ಮುಂಗಾರು ಕೇರಳಕ್ಕೆ ಬಂದು ಕೂತ್ಕೊಳ್ತು, 2009ರಿಂದ ಈಚೆಗೆ ಇಷ್ಟು ಬೇಗ ಬಂದಿದ್ದೇ ಇಲ್ವಂತೆ. ನಮ್ ಕಡೆ ಅದಕ್ಕೂ ಮೊದ್ಲೇ ಹೊಯ್ಯೋಕೆ ಶುರು. ಔಷಧಿ ಹೊಡೆಯೋನು ಬರ್ತೀನಿ ಅಂದಿದ್ದು 28ನೇ ತಾರೀಕು. ಬಂದ ಪಾಪ, ಜಗಲಿ ಮೇಲೆ ಕೂತು ಕಾಫಿ ಕುಡಿದು ಆಕಾಶ ನೋಡಿ ಹೋದ. ಆಮೇಲೆ ಎರಡು ಸಲ ಬಂದ, ಎರಡು ಸಲಾನೂ ಕಾಫಿ ಮಾತ್ರ ಖರ್ಚು. ಈಗ ತೋಟಕ್ಕೆ ಇಳಿದ್ರೆ ಎಳೆಕಾಯಿ ಕಾಲಿಗೆ ಸಿಗ್ತವೆ, ಕೈಲಿ ತಗೊಂಡ್ರೆ ತೊಟ್ಟಿನ ಹತ್ರ ಬಿಳಿ ಬೂಸ್ಟು.

ಎರಡು ವರ್ಷ ಹಿಂದೆ ಇದೇ ತೋಟದಲ್ಲಿ ಉಲ್ಟಾ ಕತೆ. 2023ರಲ್ಲಿ ಮುಂಗಾರು ಕೇರಳಕ್ಕೆ ಬಂದಿದ್ದು ಜೂನ್ 8ಕ್ಕೆ, ಆರಿದ್ರೆ ಹುಟ್ಟಿದ್ರೂ ನಾನು ಮೋಟಾರ್ ಹಾಕಿ ತೋಟಕ್ಕೆ ನೀರು ಬಿಡ್ತಿದ್ದೆ. ಹೊಸನಗರದಲ್ಲಿ ಆರಿದ್ರೆ ಮಳೇಲಿ ತೋಟಕ್ಕೆ ನೀರು ಬಿಟ್ಟೆ ಅಂದ್ರೆ ಅಜ್ಜ ಎದ್ದು ಬಂದು ಕಪಾಳಕ್ಕೆ ಬಾರಿಸ್ತಿದ್ರು.

ಇನ್ನೊಂದು ವಿಷ್ಯ. ಮೊನ್ನೆ ಅಟ್ಟ ಗುಡಿಸ್ಬೇಕಾದ್ರೆ ಅಪ್ಪನ ಹಳೇ ಮಂಡಿ ಲೆಕ್ಕದ ಪುಸ್ತಕ ಸಿಕ್ತು. ಅಂಚಲ್ಲಿ ಪೆನ್ಸಿಲ್ಲಲ್ಲಿ ಮಳೆ ಸುದ್ದಿ ಬರ್ದಿಟ್ಟಿದಾರೆ. ಮಿಲಿಮೀಟರ್ ಗಿಲಿಮೀಟರ್ ಇಲ್ಲ. "ಪುನರ್ವಸು, ನಾಲ್ಕನೇ ದಿನ, ಜಡಿ", "ಜಲ ಎದ್ದಿತು", "ಸಂಕ ಮುಳುಗಿತು", "ಮಧ್ಯಾಹ್ನ ಹೊಳವು" ಹಿಂಗೆ. ಓದ್ತಾ ಓದ್ತಾ ನಂಗೆ ಹೊಳೆದಿದ್ದು, ಆಗ ಸಂಕ, ಅಂದ್ರೆ ಹಳ್ಳದ ಕಾಲುಸೇತುವೆ, ಮುಳುಗೋಕೆ ಮೊದ್ಲು ಎಂಟು ಹತ್ತು ದಿನ ಜಡಿ ಮಳೆ ಇರ್ತಿತ್ತು, ಒಂದು ವಾರದ ಮುಂಚೆನೇ ಗೊತ್ತಾಗ್ತಿತ್ತು. ಈಗ ಎಂಟು ದಿನ ಬಿಸಿಲು ಕಾದು ಒಂದೇ ರಾತ್ರೀಲಿ ಸಂಕ ಮುಳುಗತ್ತೆ, ಬೆಳಿಗ್ಗೆ ಎದ್ರೆ ಮತ್ತೆ ಬಿಸಿಲು. ವರ್ಷದ ಒಟ್ಟು ಮಳೆ ಅಷ್ಟೇ ಇರಬಹುದು. ಬರೋ ರೀತಿ ಮಾತ್ರ ಆ ಪುಸ್ತಕದ್ದಲ್ಲ.

ಇದು ಈ ಗ್ಲೋಬಲ್ ವಾರ್ಮಿಂಗಾ, ನಾವೇ ಗುಡ್ಡ ಬೋಳಿಸಿದ್ದಾ, ಇಲ್ಲ ಹಣೆಬರಹಾನಾ? ತಿಳಿದೋರು ಹೇಳಿ.

ಗುಡ್ಡದ ಗೌಡ್ರು:

ತೋಟಿಗ್ರೇ ನಿಮ್ಮ ಸಂಕಟ ಅರ್ಥ ಆಗತ್ತೆ, ಆದ್ರೆ ಎಲ್ಲದಕ್ಕೂ ಈ ಗ್ಲೋಬಲ್ ವಾರ್ಮಿಂಗ್ ಅನ್ನೋದು ಒಂದು ಫ್ಯಾಷನ್ ಆಗಿದೆ. ಮಳೆ ಯಾವ ಕಾಲದಲ್ಲಿ ಹೇಳಿದ ಮಾತು ಕೇಳಿತ್ತು? "ಆದ್ರೆ ಆರಿದ್ರೆ ಇಲ್ಲದಿದ್ರೆ ದರಿದ್ರ", "ಬಂದ್ರೆ ಮಘೆ ಹೋದ್ರೆ ಹೊಗೆ" ಅಂತ ಗಾದೆ ಹುಟ್ಟಿದ್ದು ಸುಮ್ನೆನಾ, ಕೈ ಕೊಟ್ಟಿದ್ದಕ್ಕೇ ಅಲ್ವಾ. 1924ರಲ್ಲಿ ಕೇರಳ, ಕಾವೇರಿ ಕಡೆ ಎಲ್ಲಾ ಪ್ರಳಯದಂಥ ನೆರೆ ಬಂದಿತ್ತು, ಆಗೇನು ಎಲ್ರ ಮನೇಲೂ ಕಾರು ಇತ್ತಾ ಎಸಿ ಇತ್ತಾ? ಭೂಮಿ ಒಂದು ಕಾಲಕ್ಕೆ ಕಾಯ್ತದೆ, ಒಂದು ಕಾಲಕ್ಕೆ ತಣೀತದೆ. ಹಿಮಯುಗ ಹೋಗಿದ್ದು ಯಾರ ಕಾರ್ಖಾನೆಯಿಂದ ಹೇಳಿ ನೋಡೋಣ. ಅದೂ ಅಲ್ದೆ ಗಾಳೀಲಿ ಆ ಕಾರ್ಬನ್ ಡೈಆಕ್ಸೈಡ್ ಇರೋದೇ ನೂರಕ್ಕೆ 0.04 ಭಾಗವಂತೆ, ಅಷ್ಟರಿಂದ ಭೂಮಿನೇ ಬಿಸಿಯಾಗ್ತದೆ ಅಂದ್ರೆ ನಂಬೋಕಾಗಲ್ಲಪ್ಪ.

ರಿಟೈರ್ಡ್ ಮೇಷ್ಟ್ರು:

ಗೌಡ್ರೇ, ಕೊನೇ ಪ್ರಶ್ನೆಯಿಂದ ಶುರು ಮಾಡ್ತೀನಿ. ನೂರು ಲೀಟರ್ ನೀರಿಗೆ ನೀವು ಎಷ್ಟು ಮೈಲುತುತ್ತ ಹಾಕ್ತೀರಿ? ಒಂದು ಕೆಜಿ. ನೂರಕ್ಕೆ ಒಂದು ಭಾಗ. ಅಷ್ಟಕ್ಕೇ ಇಡೀ ಅಡಿಕೆ ಕೊನೆ (ಗೊನೆ) ಕೊಳೆಯಿಂದ ಉಳೀತದೆ. ಒಂದು ಪಾತ್ರೆ ಹಾಲಿಗೆ ಹೆಪ್ಪು ಎಷ್ಟು ಬೇಕು? ಕಡಿಮೆ ಇದೆ ಅನ್ನೋದೊಂದೇ ಕಾರಣಕ್ಕೆ ಕೆಲ್ಸ ಮಾಡಲ್ಲ ಅಂತ ಹೇಳೋಕೆ ಬರಲ್ಲ.

ಇದು ಹೇಗೆ ಕೆಲ್ಸ ಮಾಡ್ತದೆ ಅಂತ ನಿಮ್ಮ ಅಂಗಳದಲ್ಲೇ ನೋಡಬಹುದು. ಮಾಗಿ ಕಾಲದಲ್ಲಿ ಆಕಾಶ ಶುಭ್ರ ಇದ್ದ ರಾತ್ರಿ ಬೆಳಗಿನ ಜಾವ ಹಲ್ಲು ಕಟಕಟ, ಹುಲ್ಲಿನ ಮೇಲೆಲ್ಲ ಇಬ್ಬನಿ. ಮೋಡ ಕವಿದ ರಾತ್ರಿ ಅಷ್ಟು ಚಳಿ ಇರಲ್ಲ, ಅಲ್ವಾ? ಹಗಲು ನೆಲಕ್ಕೆ ಬಿದ್ದ ಶಾಖ ರಾತ್ರಿ ಕಣ್ಣಿಗೆ ಕಾಣದ ಕಿರಣವಾಗಿ ಮೇಲಕ್ಕೆ ಹೋಗ್ತಿರ್ತದೆ, ಮೋಡ ಅದನ್ನ ತಡೆದು ಒಂದಿಷ್ಟು ವಾಪಸ್ ಕಳಿಸ್ತದೆ. ಕಾರ್ಬನ್ ಡೈಆಕ್ಸೈಡ್, ಮೀಥೇನ್, ನೀರಾವಿ ಇವೂ ಅದೇ ಕೆಲ್ಸ ಮಾಡ್ತವೆ, ಹಗಲು ರಾತ್ರಿ, ಇಡೀ ಭೂಮಿ ಮೇಲೆ. ಇದು ನಿನ್ನೆ ಮೊನ್ನೆ ಹುಟ್ಟಿದ ಮಾತೂ ಅಲ್ಲ. 1859ರಲ್ಲಿ ಟಿಂಡಾಲ್ ಪ್ರಯೋಗ ಮಾಡಿ ತೋರಿಸಿದ್ರು, 1896ರಲ್ಲಿ ಅರ್ಹೇನಿಯಸ್ ಅನ್ನೋ ಸ್ವೀಡನ್ ವಿಜ್ಞಾನಿ ಈ ಅನಿಲ ದುಪ್ಪಟ್ಟಾದ್ರೆ ಭೂಮಿ ಎಷ್ಟು ಬಿಸಿಯಾದೀತು ಅಂತ ಕೈಯಲ್ಲೇ ಲೆಕ್ಕ ಹಾಕಿದ್ರು. ಆಗ ಇದ್ರಲ್ಲಿ ರಾಜಕೀಯ ಮಾಡೋಕೆ ಯಾವ ಪಾರ್ಟಿನೂ ಇರ್ಲಿಲ್ಲ.

ಕಾರ್ಖಾನೆ ಯುಗಕ್ಕೆ ಮುಂಚೆ ಹತ್ತು ಲಕ್ಷ ಭಾಗ ಗಾಳೀಲಿ ಸುಮಾರು 280 ಭಾಗ ಈ ಅನಿಲ ಇತ್ತು. ಹವಾಯಿ ದ್ವೀಪದ ಮೌನಾ ಲೋವಾ ಬೆಟ್ಟದ ಮೇಲೆ 1958ರಲ್ಲಿ ಅಳೆಯೋಕೆ ಶುರು ಮಾಡಿದಾಗ ಸುಮಾರು 315. ಈಗ 420 ದಾಟಿದೆ. ಅಂಟಾರ್ಕ್ಟಿಕದ ಹಿಮ ಕೊರೆದು ಅದರೊಳಗೆ ಸಿಕ್ಕಿಕೊಂಡ ಹಳೇ ಗಾಳಿ ಗುಳ್ಳೆ ಅಳೆದು ನೋಡಿದಾರೆ, ಹಿಂದಿನ 8 ಲಕ್ಷ ವರ್ಷದಲ್ಲಿ ಇಷ್ಟು ಯಾವತ್ತೂ ಇರಲಿಲ್ಲ.

ಹಿಮಯುಗದ್ದು ಒಳ್ಳೇ ಪ್ರಶ್ನೆ. ಭೂಮಿ ಸೂರ್ಯನ ಸುತ್ತ ಹೋಗೋ ದಾರಿ, ವಾಲಿಕೊಂಡಿರೋ ಕೋನ ಇವು ನಿಧಾನಕ್ಕೆ ಬದಲಾಗ್ತವೆ, ಹಿಮಯುಗ ಬಂದು ಹೋಗೋದು ಅದರಿಂದ. ಕೊನೇ ಹಿಮಯುಗದಿಂದ ಈಚೆ ಭೂಮಿ ಐದಾರು ಡಿಗ್ರಿ ಬಿಸಿಯಾಗೋಕೆ ಸುಮಾರು ಹತ್ತು ಸಾವಿರ ವರ್ಷ ಹಿಡೀತು. ಈಗ ನೂರೈವತ್ತು ವರ್ಷದಲ್ಲಿ ಒಂದು ಡಿಗ್ರಿ ದಾಟಿದೀವಿ. 2024 ಇಲ್ಲೀವರೆಗಿನ ದಾಖಲೇಲೇ ಅತಿ ಬಿಸಿ ವರ್ಷ, ಹಳೇ ಸರಾಸರಿಗಿಂತ ಸುಮಾರು 1.55 ಡಿಗ್ರಿ ಜಾಸ್ತಿ ಅಂತ ವಿಶ್ವ ಹವಾಮಾನ ಸಂಸ್ಥೆ ಹೇಳ್ತು. ಗುಡ್ಡ ಇಳಿಯೋದಕ್ಕೂ ಗುಡ್ಡದಿಂದ ಬೀಳೋದಕ್ಕೂ ವ್ಯತ್ಯಾಸ ಇಲ್ವಾ ಗೌಡ್ರೇ?

ಗುಡ್ಡದ ಗೌಡ್ರು:

ಸರಿ ಮೇಷ್ಟ್ರೇ, ಮೈಲುತುತ್ತದ ಮಾತು ಒಪ್ಕೊಂಡೆ. ಆದ್ರೆ ಆ ಗ್ಯಾಸ್ ಮನುಷ್ಯರಿಂದಲೇ ಬಂತು ಅಂತ ಹೆಂಗೆ ಗೊತ್ತು, ಅದರ ಮೇಲೆ ಹೆಸ್ರು ಬರ್ದಿರ್ತದಾ? ಜ್ವಾಲಾಮುಖಿ ಇದೆ, ಸೂರ್ಯ ಇದಾನೆ.

ರಿಟೈರ್ಡ್ ಮೇಷ್ಟ್ರು:

ಬರ್ದಿರ್ತದೆ! ಗಿಡ ಮರ ಬಿಸಿಲಲ್ಲಿ ಆಹಾರ ಮಾಡ್ಕೊಳ್ಳುವಾಗ ಹಗುರ ಕಾರ್ಬನ್ನನ್ನೇ ಹೆಚ್ಚು ಎಳ್ಕೊಳ್ತವೆ. ಕಲ್ಲಿದ್ದಲು ಪೆಟ್ರೋಲ್ ಅಂದ್ರೆ ಕೋಟಿಗಟ್ಟಲೆ ವರ್ಷ ಹಳೇ ಗಿಡ ಮತ್ತು ಸಮುದ್ರದ ಜೀವಿಗಳು, ಹಾಗಾಗಿ ಅದರಲ್ಲೂ ಹಗುರ ಕಾರ್ಬನ್ನೇ ಜಾಸ್ತಿ, ಮತ್ತೆ ವಿಕಿರಣ ಸೂಸೋ ಕಾರ್ಬನ್-14 ಅಷ್ಟೊತ್ತಿಗೆ ಪೂರ್ತಿ ಖಾಲಿಯಾಗಿರ್ತದೆ. ಗಾಳೀಲಿ ಈಗ ಹೆಚ್ಚಾಗ್ತಿರೋದು ಈ ತರದ ಕಾರ್ಬನ್ನೇ. ಜ್ವಾಲಾಮುಖಿಗಳೆಲ್ಲ ಸೇರಿ ವರ್ಷಕ್ಕೆ ಬಿಡೋದು ನಾವು ಬಿಡೋದರಲ್ಲಿ ನೂರಕ್ಕೆ ಒಂದು ಭಾಗಾನೂ ಅಲ್ಲ. ಸೂರ್ಯನೇ ಕಾರಣ ಆಗಿದ್ರೆ ವಾತಾವರಣ ಮೇಲಿಂದ ಕೆಳಗಿನವರೆಗೂ ಬಿಸಿಯಾಗ್ಬೇಕಿತ್ತು. ಆಗ್ತಿರೋದೇನು? ಕೆಳಗೆ ಬಿಸಿ, ತುಂಬಾ ಎತ್ತರದಲ್ಲಿ ತಂಪು. ಕಂಬಳಿ ಹೊದ್ದೋನ ಒಳಗೆ ಬೆಚ್ಚಗೆ, ಕಂಬಳಿ ಹೊರಗೆ ತಣ್ಣಗೆ.

ಅಪ್ಪೆಮಿಡಿ ಅಕ್ಕ:

ಮೇಷ್ಟ್ರೇ ನೀವು ಹೇಳೋದು ಚೆನ್ನಾಗಿದೆ, ಆದ್ರೆ ನೀವು ಗಂಡಸ್ರು ಬರೀ ತೋಟ ಔಷಧಿ ಅಂತಲೇ ಮಾತಾಡ್ತೀರಿ, ಅಡುಗೆಮನೇಲಿ ನಮಗೆ ಇದು ಎಷ್ಟೋ ಮೊದ್ಲೇ ಗೊತ್ತಾಗಿದೆ. ನಾನು ರಿಪ್ಪನ್‌ಪೇಟೆ ಹತ್ರ, ಮಿಡಿ ಉಪ್ಪಿನಕಾಯಿ ಹಾಕಿ ಮಾರ್ತೀನಿ. ಹೊಳೆ ಸಾಲಿನ ಅಪ್ಪೆ ಮಾವಿನ ಮರ ಹೂ ಬಿಡೋ ಹೊತ್ತಿಗೆ ಚಳಿ ಸರಿಯಾಗಿ ಬೀಳ್ಬೇಕು, ಆಕಾಶ ತಿಳಿಯಾಗಿರ್ಬೇಕು. ಈಗೀಗ ಹೂ ಬಂದ ಮೇಲೆ ಮೋಡ ಕವೀತದೆ, ಜಿಗಿಹುಳ ಕೂರ್ತದೆ, ಹೂವೆಲ್ಲ ಕಪ್ಪಾಗಿ ಉದುರ್ತದೆ, ಮರದ ಕೆಳಗೆ ನಿಂತ್ರೆ ತಲೆ ಮೇಲೆಲ್ಲ ಅಂಟಂಟು. ಹೋದ ಸಲ ಒಂದೇ ಮರದಲ್ಲಿ ಒಂದು ಕೊಂಬೆಲಿ ಮಿಡಿ, ಇನ್ನೊಂದು ಕೊಂಬೆಲಿ ಆಗ ತಾನೇ ಹೂವು. ಮರಕ್ಕೇ ತಲೆ ಕೆಟ್ಟಿದೆಯೋ ಏನೋ. ಮಿಡಿ ಕೊಯ್ಯೋನು ಒಂದು ಮರಕ್ಕೆ ಎಷ್ಟು ಸಲ ಹತ್ತಾನು? ಒಂದು ಕೊಯ್ಲಿಗೇ ಕೂಲಿ ಗಿಟ್ಟಲ್ಲ.

ಹಪ್ಪಳ ಸಂಡಿಗೆ ಕತೆ ಕೇಳ್ಬೇಡಿ. ಅಡಿಕೆ ಒಣಗಿಸೋದೂ ಅಷ್ಟೇ, 2021ರ ನವೆಂಬರಲ್ಲಿ ಮಳೆ ಹಿಡ್ಕೊಂಡಿತ್ತಲ್ಲ ನೆನಪಿದೆಯಾ, ಬೇಯಿಸಿದ ಅಡಿಕೆ ಅಂಗಳದಲ್ಲಿ, ಟಾರ್ಪಾಲು ಎಳೆಯೋದು ತೆಗೆಯೋದು, ರಾತ್ರಿ ಹನ್ನೊಂದು ಗಂಟೆಗೆ ಎದ್ದು ಓಡೋದು, ಕೊನೆಗೂ ಬೂಸ್ಟು ಬಂತು. ಕೆಂಪಡಿಕೆಗೆ ಬಣ್ಣವೇ ಹೋದ ಮೇಲೆ ಮಂಡೀಲಿ ರೇಟ್ ಯಾರು ಕೊಡ್ತಾರೆ.

ಇನ್ನು ಹತ್ಮೀನು. ಚಿಕ್ಕೋರಿದ್ದಾಗ ಹಳ್ಳಕ್ಕೆ ಕೆಂಪು ಹೊಸ ನೀರು ಬಂತು ಅಂದ್ರೆ ರಾತ್ರಿ ಗ್ಯಾಸ್‌ಲೈಟ್ ಹಿಡ್ಕೊಂಡು ಅಣ್ಣಂದಿರು ಗದ್ದೆ ಕಡೆ ಓಡ್ತಿದ್ರು. ಮೀನು ಮೊಟ್ಟೆ ಇಡೋಕೆ ಗದ್ದೆಗೆ ಹತ್ತಿ ಬರೋ ಕಾಲ. ಈಗ ಒಂದು ದೊಡ್ಡ ಮಳೆ ಹೊಯ್ದು ಮೀನು ಹತ್ತಿ ಬರ್ತವೆ, ಹಿಂದಿಂದೆ ಮಳೆ ನಿಲ್ತದೆ, ಗದ್ದೆ ಮೂಲೆ ಗುಂಡೀಲಿ ನೀರು ಇಂಗಿ ಮೀನು ವಿಲವಿಲ ಒದ್ದಾಡ್ತಿರ್ತವೆ. ತಿನ್ನೋಕೂ ಮನಸ್ಸಾಗಲ್ಲ.

ಬೆಂಗ್ಳೂರು ಬಸ್ ಮಾಣಿ:

ಅಕ್ಕ ನಿಮ್ ಉಪ್ಪಿನಕಾಯಿ ಬೆಂಗಳೂರಿಗೆ ಕಳಿಸ್ತೀರಾ? 😄 ಸಾರಿ, ವಿಷಯಕ್ಕೆ ಬರ್ತೀನಿ.

ತೋಟಿಗಣ್ಣ, ನಿಮ್ಮಪ್ಪನ ಪುಸ್ತಕ ಹೇಳೋದನ್ನೇ ದೊಡ್ಡ ಡೇಟಾನೂ ಹೇಳ್ತದೆ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತೆ ಅವರ ಟೀಮು 2017ರಲ್ಲಿ ಒಂದು ಸ್ಟಡಿ ಹಾಕಿದ್ರು. 1950ರಿಂದ 2015ರ ಒಳಗೆ ಮಧ್ಯ ಭಾರತದಲ್ಲಿ ವಿಪರೀತ ದೊಡ್ಡ ಮಳೆ ಬೀಳೋ ಪ್ರಸಂಗ ಮೂರು ಪಟ್ಟಾಗಿದೆ, ಆದ್ರೆ ಒಟ್ಟು ಮುಂಗಾರು ಮಳೆ ಮಾತ್ರ ಅದೇ ಅವಧೀಲಿ ಕಮ್ಮಿಯಾಗಿದೆ ಅಂತ. ದೊಡ್ಡ ಮಳೆಗೆ ಅವರು ತೋರಿಸಿದ ಒಂದು ಕಾರಣ ಅರಬ್ಬಿ ಸಮುದ್ರ ಬಿಸಿಯಾಗಿರೋದು. ಭೂಮಿಗೆ ಹೆಚ್ಚಾಗಿ ಸಿಕ್ಕ ಶಾಖದಲ್ಲಿ ನೂರಕ್ಕೆ ತೊಂಬತ್ತು ಪಾಲಿಗಿಂತ ಜಾಸ್ತಿ ಸಮುದ್ರವೇ ನುಂಗಿದೆ. ನಮ್ಮ ಘಟ್ಟದಿಂದ ಆ ಸಮುದ್ರ ಎಷ್ಟು ದೂರ ಹೇಳಿ, ಆಗುಂಬೆಲಿ ಸೂರ್ಯಾಸ್ತ ನೋಡೋಕೆ ನಿಂತ್ರೆ ಆಕಾಶ ಶುಭ್ರ ಇದ್ದ ದಿನ ಸಮುದ್ರವೇ ಕಾಣ್ತದೆ.

ಗಾಳಿ ಒಂದು ಡಿಗ್ರಿ ಬಿಸಿಯಾದ್ರೆ ಸುಮಾರು 7 ಪರ್ಸೆಂಟ್ ಜಾಸ್ತಿ ನೀರಾವಿ ಹಿಡ್ಕೊಳ್ತದೆ. ಅಂದ್ರೆ ಕೊಡ ದೊಡ್ಡದಾಯ್ತು. ದೊಡ್ಡ ಕೊಡ ತುಂಬೋಕೆ ಹೊತ್ತು ಜಾಸ್ತಿ, ಆ ಗ್ಯಾಪಲ್ಲಿ ನಮಗೆ ಬಿಸಿಲು. ಬೋರಲು ಬಿದ್ರೆ ನೀರು ಜಾಸ್ತಿ, ಆಗ ಸಂಕ ಮುಳುಗೋದು. ಎರಡೂ ಒಂದೇ ಕೊಡದ ಕೆಲ್ಸ. ನಾನು ಇಷ್ಟು ದಿನ ಬರಗಾಲ ಬೇರೆ ನೆರೆ ಬೇರೆ ಅಂದ್ಕೊಂಡಿದ್ದೆ.

ರಿಟೈರ್ಡ್ ಮೇಷ್ಟ್ರು:

ಮಾಣಿ ಹೇಳಿದ್ದು ಸರಿ. ಒಂದು ತಿದ್ದುಪಡಿ ಮಾತ್ರ. 2023ರ ಮಳೆ ಕೊರತೆಯನ್ನ ಪೂರ್ತಿ ವಾರ್ಮಿಂಗ್ ತಲೆಗೆ ಕಟ್ಟಬೇಡಿ. ಆ ವರ್ಷ ಎಲ್‌ ನಿನೊ ಇತ್ತು, ಅಂದ್ರೆ ಪೆಸಿಫಿಕ್ ಸಮುದ್ರದ ಮಧ್ಯ ಮತ್ತು ಪೂರ್ವ ಭಾಗ ಬಿಸಿಯಾಗೋದು, ಅದು ಅದರ ಪಾಡಿಗೆ ಕೆಲವು ವರ್ಷಕ್ಕೊಮ್ಮೆ ಬರ್ತಾ ಹೋಗ್ತಾ ಇರ್ತದೆ. ಜೂನಲ್ಲಿ ಬಿಪರ್‌ಜಾಯ್ ಚಂಡಮಾರುತ ಬೇರೆ ಅರಬ್ಬಿ ಸಮುದ್ರದಲ್ಲಿ ಎದ್ದು ಮುಂಗಾರನ್ನ ಕೆಡಿಸ್ತು. ಆ ಆಗಸ್ಟು ಭಾರತಕ್ಕೆ 1901ರಿಂದ ಈಚೆಗೆ ಅತಿ ಒಣ ಆಗಸ್ಟು. ರಾಜ್ಯದ 236 ತಾಲೂಕಲ್ಲಿ 223ನ್ನ ಬರಪೀಡಿತ ಅಂತ ಘೋಷಣೆ ಮಾಡಿದ್ರು. ಎಲ್‌ ನಿನೊ ಹಳೇ ಕಾಯಿಲೆ, ಆದ್ರೆ ಈಗ ಅದು ಮೊದ್ಲೇ ಜ್ವರ ಇರೋ ಮೈಗೆ ಬರ್ತಿದೆ. ಹಾಗೆ ತಿಳ್ಕೊಳ್ಳಿ.

ಕೂರಿಗೆ ಭತ್ತ:

ನಮ್ದು ಶಿಕಾರಿಪುರ ಕಡೆ, ಅರೆಮಲೆನಾಡು. ನೀವೆಲ್ಲ ಮಳೆ ಜಾಸ್ತಿ ಆತು ಅಂತ ಅಳ್ತೀರಿ, ನಮಗೆ ಹೊಟ್ಟೆಕಿಚ್ಚು ಆಗ್ತೈತಿ ನೋಡ್ರಿ 😂 ನಮ್ಮಲ್ಲಿ ಮೊದ್ಲು ಕೂರಿಗೆ ಭತ್ತ. ಮುಂಗಾರಿಗೆ ಮುಂಚೆ ಒಣ ನೆಲಕ್ಕೆ ಬಿತ್ತಿ ಬಿಡೋದು, ಮಳೆ ಬಂದಂಗೆ ಏಳ್ತಿತ್ತು. ಆಮೇಲೆ ಮೆಕ್ಕೆಜೋಳ ಬಂತು, ಈಗ ಎಲ್ರೂ ಗದ್ದೆ ಅಗೆದು ಅಡಿಕೆ ಹಾಕ್ಯಾರ. ಅಡಿಕೆಗೆ ಬ್ಯಾಸಿಗಿ ಪೂರ್ತಿ ನೀರು ಬೇಕು, ಬೋರು ಮೇಲೆ ಬೋರು, ನಮ್ಮ ದಾಯಾದಿ ಒಬ್ಬ ಒಂದೇ ವರ್ಷ ನಾಲ್ಕು ಕೊರೆಸಿದ, ಮೂರು ಫೇಲು. ಇದ್ರಾಗ ಗ್ಲೋಬಲ್ ವಾರ್ಮಿಂಗ್ ಎಷ್ಟು ನಮ್ಮ ದುರಾಸೆ ಎಷ್ಟು ಅಂತ ಯಾರು ಪಾಲು ಮಾಡ್ತಾರ? ಮಳೆ ಕಡಿಮಿ ಆತು ಅಂತ ಬೋರು, ಬೋರು ಹಾಕಿದ್ವಿ ಅಂತ ಅಡಿಕೆ, ಅಡಿಕೆ ಹಾಕಿದ್ವಿ ಅಂತ ಮತ್ತೆ ಬೋರು.

ಮೇಷ್ಟ್ರಿಗೆ ಒಂದು ಪ್ರಶ್ನೆ. ಭತ್ತದ ಗದ್ದೆಯಿಂದ ಮೀಥೇನ್ ಬರ್ತೈತಿ, ಅದೂ ವಾರ್ಮಿಂಗಿಗೆ ಕಾರಣ ಅಂತಾರಲ್ಲ. ಅನ್ನ ಬೆಳೆಯೋನೂ ಅಪರಾಧಿನಾ?

ರಿಟೈರ್ಡ್ ಮೇಷ್ಟ್ರು:

ನೀರು ನಿಂತ ಗದ್ದೆ ಕೆಸರಲ್ಲಿ ಗಾಳಿ ಆಡಲ್ಲ, ಅಲ್ಲಿನ ಸೂಕ್ಷ್ಮಜೀವಿಗಳು ಕೊಳೆತ ಸೊಪ್ಪು ಬೇರನ್ನ ಮೀಥೇನ್ ಮಾಡ್ತವೆ, ನಿಜ. ನೂರು ವರ್ಷದ ಲೆಕ್ಕದಲ್ಲಿ ತೂಕಕ್ಕೆ ತೂಕ ಕಾರ್ಬನ್ ಡೈಆಕ್ಸೈಡಿಗಿಂತ ಅದು 27-30 ಪಟ್ಟು ಜೋರು, ಆದ್ರೆ ಹತ್ತು ಹನ್ನೆರಡು ವರ್ಷದಲ್ಲಿ ಕರಗಿ ಹೋಗ್ತದೆ. ತಮಾಷೆ ಏನಂದ್ರೆ ನಿಮ್ಮ ಕೂರಿಗೆ ಬಿತ್ತನೆಯಂಥ ಪದ್ಧತೀಲಿ, ನೀರು ಸದಾ ನಿಲ್ಲಿಸದೇ ಇರೋ ಗದ್ದೇಲಿ, ಮೀಥೇನ್ ಕಡಿಮೆ. ಈಗ ಅದನ್ನೇ ಹೊಸ ತಂತ್ರಜ್ಞಾನ ಅಂತ ಪ್ರಚಾರ ಮಾಡ್ತಿದಾರೆ, ನಿಮ್ಮಜ್ಜಂಗೆ ಯಾರೂ ಪೇಟೆಂಟ್ ಕೊಡ್ಲಿಲ್ಲ.

ಅಪರಾಧಿ ಯಾರು ಅನ್ನೋದಕ್ಕೆ ಲೆಕ್ಕ ನೋಡಿ. ಕಲ್ಲಿದ್ದಲು ತೈಲ ಅನಿಲ ಉರಿಸಿ ಪ್ರಪಂಚ ವರ್ಷಕ್ಕೆ ಬಿಡೋ ಕಾರ್ಬನ್ ಡೈಆಕ್ಸೈಡ್ ಸುಮಾರು 3,700 ಕೋಟಿ ಟನ್. ತಲಾ ಲೆಕ್ಕ ಹಾಕಿದ್ರೆ ಭಾರತೀಯನಿಗೆ 2 ಟನ್ ಆಸುಪಾಸು, ಅಮೆರಿಕದವನಿಗೆ ಸುಮಾರು 14. ಇದುವರೆಗೆ ಒಟ್ಟು ಉರಿಸಿದ್ದರಲ್ಲಿ ಕಾಲು ಭಾಗದ ಹತ್ತಿರ ಅಮೆರಿಕ ಒಂದರದ್ದೇ, ನಮ್ಮದು ಮೂರು ಪರ್ಸೆಂಟ್ ಆಸುಪಾಸು. ಹಾಗಂತ ಈಗ ನಾವು ಕಮ್ಮಿ ಏನಿಲ್ಲ, ಒಟ್ಟು ದೇಶದ ಲೆಕ್ಕದಲ್ಲಿ ಚೀನಾ ಅಮೆರಿಕ ಬಿಟ್ರೆ ನಾವೇ.

ಅಪ್ಪೆಮಿಡಿ ಅಕ್ಕ:

ಹಂಗಾದ್ರೆ ನಾವು ಅಡಿಕೆ ಬೇಯಿಸೋಕೆ, ಬಚ್ಚಲ ಹಂಡೆಗೆ ಸೌದೆ ಉರಿಸೋದು? ನಮ್ಮ ಮಗಳು ಕಾಲೇಜಿಂದ ಬಂದು "ಅಮ್ಮ ನೀನು ಪೊಲ್ಯೂಷನ್ ಮಾಡ್ತಿದೀಯ" ಅಂತಾಳೆ. ಬಿಸಿನೀರು ಸ್ನಾನ ಮಾತ್ರ ಇಪ್ಪತ್ತು ನಿಮಿಷ ಮಾಡ್ತಾಳೆ.

ರಿಟೈರ್ಡ್ ಮೇಷ್ಟ್ರು:

ಹ್ಹಹ್ಹ. ಹೊಗೆ ನಿಮ್ಮ ಕಣ್ಣಿಗೆ ಪುಪ್ಪುಸಕ್ಕೆ ಕೆಟ್ಟದ್ದು, ಅದು ಬೇರೆ. ಒಣಗಿದ ಕೊಂಬೆ, ಅಡಿಕೆ ಸಿಪ್ಪೆ ಉರಿಸಿದ್ರೆ ಅದರ ಕಾರ್ಬನ್ ಹತ್ತಿಪ್ಪತ್ತು ವರ್ಷ ಹಿಂದೆ ಇದೇ ಗಾಳಿಯಿಂದ ಮರ ತಗೊಂಡಿದ್ದು, ಮತ್ತೆ ಗಿಡ ಬೆಳೆದ್ರೆ ವಾಪಸ್ ಹೋಗ್ತದೆ. ಕೈಸಾಲ ಇದ್ದ ಹಾಗೆ. ಕಲ್ಲಿದ್ದಲು ಹಾಗಲ್ಲ, ಕೋಟಿ ವರ್ಷದಿಂದ ನೆಲದಡಿ ಹೂತಿಟ್ಟಿದ್ದನ್ನ ತೆಗೆದು ಸುಡೋದು. ನಿಮ್ಮ ಮಗಳು ಚಾರ್ಜ್ ಮಾಡೋ ಮೊಬೈಲಿಗೆ ರಾತ್ರಿ ಹೊತ್ತು ರಾಯಚೂರು ಬಳ್ಳಾರಿ ಕಲ್ಲಿದ್ದಲು ಕರೆಂಟೂ ಬರ್ತಿರ್ತದೆ ಅಂತ ಹೇಳಿ.

ತುಂಗಾತೀರ:

ಶಿವಮೊಗ್ಗ ಟೌನಿಂದ ಬರೀತಿದೀನಿ. ನಮ್ಮಲ್ಲಿ ಮಳೆ ಅಳೆಯೋದು ಒಂದೇ ಮಾಪಕದಲ್ಲಿ, ಕೋರ್ಪಲಯ್ಯನ ಛತ್ರದ ಹತ್ರ ಹೊಳೆ ಮಧ್ಯದ ಮಂಟಪ ಮುಳುಗ್ತಾ ಇಲ್ವಾ 😀 ಮುಳುಗಿತು ಅಂದ್ರೆ ಊರಿಗೆ ಊರೇ ಸೇತುವೆ ಮೇಲೆ ಸೆಲ್ಫಿಗೆ. 2019ರ ಆಗಸ್ಟಲ್ಲಿ ಮಾತ್ರ ಸೆಲ್ಫಿ ಮೂಡ್ ಇರ್ಲಿಲ್ಲ, ಹೊಳೆ ದಂಡೆ ಬಡಾವಣೆಗಳಿಗೇ ನೀರು ನುಗ್ಗಿತ್ತು, ನಮ್ಮ ಚಿಕ್ಕಮ್ಮನ ಮನೇಲಿ ಫ್ರಿಜ್ ತೇಲ್ತಿತ್ತು. ಅದಾಗಿ ನಾಲ್ಕು ವರ್ಷಕ್ಕೆ 2023, ಮಂಟಪದ ಕಂಬದ ಬುಡ ನೋಡ್ಕೊಂಡು ಕೂತಿದ್ವಿ.

ನಾನು ಕೇಳ್ಬೇಕು ಅಂದ್ಕೊಂಡಿದ್ದು ಗುಡ್ಡ ಕುಸಿತದ ಬಗ್ಗೆ. 2024ರ ಜುಲೈ 16ಕ್ಕೆ ಶಿರೂರು, 30ಕ್ಕೆ ವಯನಾಡು. ಪ್ರತೀ ಮಳೆಗಾಲ ಘಾಟಿ ರಸ್ತೆ ಬಂದ್. ಇದೂ ವಾರ್ಮಿಂಗಾ ಇಲ್ಲ ಜೆಸಿಬಿನಾ?

ಬೆಂಗ್ಳೂರು ಬಸ್ ಮಾಣಿ:

ಎರಡೂ. ವಯನಾಡಿನ ಮಳೆ ಬಗ್ಗೆ ವಿಜ್ಞಾನಿಗಳ ಒಂದು ತಂಡ ಲೆಕ್ಕ ಹಾಕಿತ್ತು, ವಾರ್ಮಿಂಗ್ ಇಲ್ದೇ ಇದ್ದಿದ್ರೆ ಬೀಳ್ತಿದ್ದಕ್ಕಿಂತ ಸುಮಾರು 10 ಪರ್ಸೆಂಟ್ ಜೋರಾಗಿತ್ತು ಅಂತ. 10 ಅಂದ್ರೆ ಕಮ್ಮಿ ಅನ್ನಿಸ್ಬಹುದು, ಆದ್ರೆ ತುಂಬಿದ ಲೋಟಕ್ಕೆ ಕೊನೇ ಚಮಚ ಹಾಕಿದಂಗೆ. ಶಿರೂರಲ್ಲಿ ಹೆದ್ದಾರಿ ಅಗಲ ಮಾಡೋಕೆ ಗುಡ್ಡದ ಬುಡ ನೆಟ್ಟಗೆ ಕತ್ತರಿಸಿದ್ರು ಅನ್ನೋದು ಕಣ್ಣಿಗೆ ಕಾಣೋ ವಿಷಯ. ನಾನು ಪ್ರತೀ ಹಬ್ಬಕ್ಕೆ ರಾತ್ರಿ ಬಸ್ಸಲ್ಲಿ ಸಾಗರಕ್ಕೆ ಬರೋನು, ದಾರಿ ಪಕ್ಕದ ಧರೆ ವರ್ಷ ವರ್ಷ ನೆಟ್ಟಗಾಗ್ತಾ ಹೋಗೋದು ಕಿಟಕಿಲಿ ಕಾಣ್ತದೆ.

ಹೊಸನಗರದ ತೋಟಿಗ:

ಹ್ಞಾಂ ಇಲ್ಲಿ ನಂಗೆ ಒಂದು ಹೇಳ್ಬೇಕು. ನಮ್ಮ ಮನೆ ಮೇಲಿನ ಗುಡ್ಡ ಅಪ್ಪನ ಕಾಲದಲ್ಲಿ ಕಾನು. ನಡು ಮಧ್ಯಾಹ್ನಾನೂ ಒಳಗೆ ಕತ್ತಲು, ಕಾಲಿಟ್ರೆ ದರಗು (ಉದುರಿದ ಒಣ ಎಲೆ) ಮೊಣಕಾಲವರೆಗೆ. ಅದರಾಚೆ ಬೋಳುಗುಡ್ಡಕ್ಕೆ ಕಾಗದ ಮಾಡೋಕೆ ಅಂತ ಅಕೇಶಿಯ ಹಾಕಿದ್ರು, ಬರ್ತಾ ಬರ್ತಾ ಕಾನಿನ ಅಂಚನ್ನೂ ತಿಂತು. ಈಗ ಅಕೇಶಿಯ ಕಡಿದಾಗ ಗುಡ್ಡ ಕ್ಷೌರ ಮಾಡಿದ ತಲೆ. ನಮ್ಮನೆಗೆ ಕುಡಿಯೋಕೆ ಅಬ್ಬಿ ನೀರು, ಗುಡ್ಡದ ಒರತೆಯಿಂದ ಪೈಪಲ್ಲಿ ಹರಿದು ಬರೋದು, ಮೋಟಾರೇ ಬೇಡ. ಮೊದ್ಲು ಮೇ ಕೊನೆವರೆಗೂ ಹೆಬ್ಬೆರಳು ದಪ್ಪ ಬರ್ತಿತ್ತು, ಈಗ ಶಿವರಾತ್ರಿ ಕಳೀತು ಅಂದ್ರೆ ಪೈಪ್ ಬಾಯಲ್ಲಿ ಉಸ್ಸ್ ಅನ್ನೋ ಗಾಳಿ. ಮಳೆ ಒಂದೇ ರಾತ್ರಿ ದಬದಬ ಸುರಿದ್ರೆ ಇಂಗೋಕೆ ಟೈಮೂ ಇಲ್ಲ, ಇಂಗಿಸ್ಕೊಳ್ಳೋ ದರಗೂ ಇಲ್ಲ. ಮೇಷ್ಟ್ರೇ, ಇದರಲ್ಲಿ ಯಾವುದು ಅಮೆರಿಕದವನ ತಪ್ಪು ಯಾವುದು ನಮ್ದು?

ರಿಟೈರ್ಡ್ ಮೇಷ್ಟ್ರು:

ಒಂದೊಂದಾಗಿ ಬಿಡಿಸಿ ನೋಡಿ. ಪ್ರಪಂಚದ ಗಾಳಿ ಬಿಸಿಯಾಗೋಕೆ ಮುಖ್ಯ ಕಾರಣ ಕಲ್ಲಿದ್ದಲು, ತೈಲ, ಅನಿಲ. ಕಾಡು ಕಡಿಯೋದರ ಪಾಲು ಕಾರ್ಬನ್ ಡೈಆಕ್ಸೈಡಿನ ಲೆಕ್ಕದಲ್ಲಿ ಹತ್ತರಲ್ಲಿ ಒಂದರ ಹತ್ತಿರ. ನಿಮ್ಮ ಕಾನು ಉಳಿಸಿದ್ರೆ ಅರಬ್ಬಿ ಸಮುದ್ರ ತಣ್ಣಗಾಗಲ್ಲ, ಅದನ್ನ ಹೇಳ್ಬಿಡಬೇಕು, ನಮ್ಮಲ್ಲಿ ಪರಿಸರದ ಭಾಷಣ ಮಾಡೋರು ಇದನ್ನ ಹೇಳಲ್ಲ. ಆದ್ರೆ ಕಾನು ಇದ್ದಿದ್ರೆ ಅದೇ ಒಂದು ರಾತ್ರಿ ಮಳೆ ನಿಮ್ಮ ಅಬ್ಬಿಗೆ ಮೇ ತಿಂಗಳ ನೀರಾಗ್ತಿತ್ತು, ಈಗ ಸಂಕದ ಮೇಲೆ ಹೋಗ್ತಿದೆ. ಹೊಡೆಯೋನು ಹೊರಗಿನೋನು ಇರಬಹುದು, ಬಾಗಿಲು ತೆಗೆದಿಟ್ಟೋರು ನಾವು.

ಗುಡ್ಡದ ಗೌಡ್ರು:

ಇದು ಮಾತು. ನಾನು ಹೇಳ್ತಿದ್ದುದೂ ಇದನ್ನೇ, ಮೊದ್ಲು ಅಕೇಶಿಯ ಕಿತ್ತಾಕಿ ಅಂತ. ಆದ್ರೆ ಈ ಹೆಸ್ರಲ್ಲಿ ನಮ್ಮ ಮೇಲೆ ಬರ್ತಾರಲ್ಲ ಅದೇ ಸಿಟ್ಟು. ಪಶ್ಚಿಮ ಘಟ್ಟ ಉಳಿಸೋಕೆ ಅಂತ 2011ರಲ್ಲಿ ಗಾಡ್ಗೀಳ್ ವರದಿ, 2013ರಲ್ಲಿ ಕಸ್ತೂರಿರಂಗನ್, ಮತ್ತೆ ಕರಡು ಮೇಲೆ ಕರಡು, 2024ರ ಜುಲೈದು ಆರನೇ ಕರಡು. ಸೊಪ್ಪಿನಬೆಟ್ಟದಿಂದ ಒಂದು ಹೊರೆ ಸೊಪ್ಪು ತರೋನಿಗೆ ನೋಟೀಸು. ಅದೇ ಶರಾವತಿ ಕಣಿವೇಲಿ ಪಂಪ್ಡ್ ಸ್ಟೋರೇಜ್ ಅಂತ 2,000 ಮೆಗಾವ್ಯಾಟ್ ಯೋಜನೆಗೆ ಸಿಂಗಳೀಕದ ಕಾಡಲ್ಲೇ ಮರ ಕಡೀಬಹುದು, ಅದಕ್ಕೆ ಗ್ರೀನ್ ಎನರ್ಜಿ ಅಂತ ಹೆಸ್ರು ಬೇರೆ. ಲಿಂಗನಮಕ್ಕಿಗೆ ಮುಳುಗಡೆಯಾಗಿ ಬಂದೋರಿಗೆ ಅರವತ್ತು ವರ್ಷ ಆದ್ರೂ ಇನ್ನೂ ಎಷ್ಟೋ ಜನಕ್ಕೆ ಹಕ್ಕುಪತ್ರ ಇಲ್ಲ.

ಬೆಂಗ್ಳೂರು ಬಸ್ ಮಾಣಿ:

ಗೌಡ್ರೇ ಮುಳುಗಡೆ ವಿಷಯದಲ್ಲಿ ನಾನು ನಿಮ್ ಜೊತೆ, ನಮ್ಮಜ್ಜಿ ತವರುಮನೆ ಹಿನ್ನೀರಲ್ಲಿದೆ. ಆದ್ರೆ ಪಂಪ್ಡ್ ಸ್ಟೋರೇಜ್ ಐಡಿಯಾನೇ ಕೆಟ್ಟದ್ದಲ್ಲ. ಸೋಲಾರ್ ಹಗಲು ಮಾತ್ರ ಬರ್ತದೆ, ಹಗಲು ಹೆಚ್ಚಾದ ಕರೆಂಟಲ್ಲಿ ಗೇರುಸೊಪ್ಪೆ ಕಡೆಯಿಂದ ನೀರು ಮೇಲೆ ತಲಕಳಲೆಗೆ ಎತ್ತಿಟ್ಕೊಂಡು ಸಂಜೆ ಬಿಡೋದು. ಕಲ್ಲಿದ್ದಲು ಕಮ್ಮಿ ಆಗ್ಬೇಕು ಅಂದ್ರೆ ಇಂಥದ್ದು ಎಲ್ಲೋ ಒಂದು ಕಡೆ ಬೇಕು. ಆ ಕಾಡಲ್ಲೇ ಬೇಕಾ ಅನ್ನೋದು ಜಗಳ. ನಂಗೂ ಬೇಡ ಅಂತಲೇ ಅನ್ಸತ್ತೆ, ಆದ್ರೆ ಬೆಂಗಳೂರಲ್ಲಿ ಎಸಿ ರೂಮಲ್ಲಿ ಕೂತು ಬೇಡ ಅನ್ನೋಕೆ ನಾಚಿಕೆ ಆಗತ್ತೆ.

ಕೂರಿಗೆ ಭತ್ತ:

ಅಲ್ರೀ ಜಗಳ ಬಿಡ್ರಿ. ತೋಟಿಗ್ರೆ ನಿಮಗೆ ಬೆಳೆ ವಿಮೆ ಬಂತಾ? ಹವಾಮಾನ ಆಧಾರಿತ ವಿಮೆ ಐತಲ್ಲ ಅಡಿಕೆಗೆ.

ಹೊಸನಗರದ ತೋಟಿಗ:

ಆ ಕತೆ ಹೇಳಿದ್ರೆ ನಗ್ತೀರಿ. ವಿಮೆ ಲೆಕ್ಕ ಎಲ್ಲಾ ಪಂಚಾಯ್ತಿ ಮಳೆಮಾಪಕದ ಮೇಲೆ ನಿಂತಿದೆ. ಒಂದು ವರ್ಷ ನಮ್ಮೂರಲ್ಲಿ ಕೊಳೆ ಬಂದು ಅರ್ಧ ಫಸಲು ನೆಲಕ್ಕೆ, ದುಡ್ಡು ಬಂದಿದ್ದು ನೋಡಿದ್ರೆ ಕಾಫಿಪುಡಿ ಖರ್ಚಿಗೆ ಸಮ. ನಾವು ನಾಲ್ಕು ಜನ ಹೋಗಿ ಮಾಪಕ ನೋಡಿದ್ವಿ. ಒಳಗೆ ಎರಡು ಪುಟ್ಟ ಬಟ್ಟಲು ಏತದ ತರ ಇರ್ತವೆ, ಒಂದು ತುಂಬಿದ್ರೆ ವಾಲಿ ಚೆಲ್ತದೆ, ಇನ್ನೊಂದು ಮೇಲೆ ಬರ್ತದೆ, ಎಷ್ಟು ಸಲ ವಾಲ್ತು ಅನ್ನೋದೇ ಮಳೆ ಲೆಕ್ಕ. ಆ ಬಟ್ಟಲಿನ ಕೆಳಗೆ ಕಣಜದ ಹುಳ ಮಣ್ಣಿನ ಗೂಡು ಕಟ್ಟಿತ್ತು. ವಾಲೋಕೇ ಜಾಗ ಇಲ್ಲ. ಇಡೀ ಆಷಾಢ ಹೊಯ್ದ ಮಳೆ ಲೆಕ್ಕಕ್ಕೇ ಬಂದಿಲ್ಲ. ಯಾರ ಜವಾಬ್ದಾರಿ ಅಂತ ಕೇಳಿದ್ರೆ ಇವ್ರು ಅವ್ರ ಕಡೆ ಕೈ ತೋರಿಸ್ತಾರೆ, ಅವ್ರು ಇವ್ರ ಕಡೆ.

ಅವತ್ತಿಂದ ನಾನೇ ಒಂದು ಗಾಜಿನ ಮಾಪಕ ತಂದು ಅಂಗಳದಲ್ಲಿ ನೆಟ್ಟಿದೀನಿ. ದಿನಾ ಬೆಳಿಗ್ಗೆ ಎಂಟೂವರೆಗೆ ನೋಡಿ ಬರೀತೀನಿ, ಅಪ್ಪನ ಪುಸ್ತಕದಲ್ಲೇ, ಖಾಲಿ ಉಳಿದ ಪುಟದಲ್ಲಿ. ಜೊತೆಗೆ ಅವರ ತರಾನೇ "ಸಂಕ ಮುಳುಗಿತು" ಅಂತಾನೂ ಬರೀತೀನಿ.

ತುಂಗಾತೀರ:

ಮೇಷ್ಟ್ರೆ, ತೋಟಿಗ್ರೆ, ಊರೂರಲ್ಲಿ ಹಿಂಗೆ ಬರೆದಿಟ್ಟೋರು ಇದ್ರೆ ಹೇಳಿ, ಒಂದು ಕಡೆ ಸೇರಿಸೋಣ. ನಮ್ಮ ಮಾವ ಒಬ್ರು ತೀರ್ಥಹಳ್ಳಿಲಿ ದಿನಾ ಬರೀತಾರೆ, ಆದ್ರೆ ಕ್ಯಾಲೆಂಡರ್ ಹಿಂದೆ, ಅತ್ತೆ ವರ್ಷ ಮುಗಿದ ತಕ್ಷಣ ಅದನ್ನ ಹರಿದು ಡಬ್ಬಿ ತಳಕ್ಕೆ ಹಾಕ್ತಾರೆ.

ಅಪ್ಪೆಮಿಡಿ ಅಕ್ಕ:

ನಿಮ್ಮ ಅತ್ತೆ ಮಾಡೋದು ಸರಿನೇ, ಡಬ್ಬಿ ತುಕ್ಕು ಹಿಡಿಯಲ್ಲ 😁 ನಮ್ಮತ್ತೆನೂ ಬರೀತಿದ್ರು, ಮಿಡಿ ಯಾವ ತಾರೀಕಿಗೆ ಉಪ್ಪಿಗೆ ಹಾಕಿದ್ದು ಅಂತ ಭರಣಿ ಮುಚ್ಚಳದ ಬಟ್ಟೆ ಮೇಲೆ. ಹುಡುಕಿ ನೋಡ್ತೀನಿ, ಬಟ್ಟೆ ಇನ್ನೂ ಇದ್ರೆ.

ಹೊಸನಗರದ ತೋಟಿಗ:

ಹುಡುಕಿ ಅಕ್ಕ, ಆ ತಾರೀಕು ಬೇಕು. ಈಗ ಗಡಿಬಿಡಿ, ಬೆಳಿಗ್ಗೆಯಿಂದ ಹೊಳವಾಗಿದೆ. ವರುಣಮಿತ್ರ ಹವಾಮಾನ ಸಹಾಯವಾಣಿಗೆ ಫೋನ್ ಮಾಡಿದ್ದೆ, ಸಂಜೆವರೆಗೆ ದೊಡ್ಡ ಮಳೆ ಇಲ್ಲ ಅಂದಿದಾರೆ. ಔಷಧಿ ಹೊಡೆಯೋನು ದೋಟಿ ಹಿಡ್ಕೊಂಡು ಬಂದಾಯ್ತು, ಈ ಸಲ ಕಾಫಿ ಆಮೇಲೆ ಅಂದ. ಡ್ರಮ್ಮಲ್ಲಿ ಸುಣ್ಣ ಕಲಸಿದೀನಿ, ಆದ್ರೆ ಚಾಕು ಅದ್ದಿ ನೋಡಿದ್ರೆ ಅಲಗು ಕೆಂಪಗಾಗ್ತಿದೆ. ಗೌಡ್ರೇ ನೀವು ಆನ್‌ಲೈನ್ ಇದೀರಾ, ಸುಣ್ಣ ಇನ್ನೂ ಎಷ್ಟು ಹಾಕ್ಲಿ?

ಗುಡ್ಡದ ಗೌಡ್ರು:

ಕೆಂಪು ಬಂದ್ರೆ ಮೈಲುತುತ್ತ ಜಾಸ್ತಿ ಉಳಿದಿದೆ, ಹಂಗೇ ಹೊಡೀಬೇಡಿ, ಕೊನೆ ಸುಟ್ಟು ಹೋದೀತು. ಹಳೇ ಸುಣ್ಣ ಇರ್ಬೇಕು ನಿಮ್ದು, ಗಾಳಿ ತಾಗಿ ಸತ್ವ ಹೋಗಿದೆ. ತಿಳಿ ಸುಣ್ಣದ ನೀರು ಸ್ವಲ್ಪ ಸ್ವಲ್ಪ ಹಾಕಿ ತಿರುವಿ, ಪ್ರತೀ ಸಲ ಚಾಕು ಅದ್ದಿ, ಅಲಗು ಬೆಳ್ಳಗೇ ಉಳಿಯೋವರೆಗೆ. ನಾನೂ ಹೊರಟೆ, ನಮ್ ಕಡೆನೂ ಬಿಸಿಲು ಬಂತು.